ಅಳತೆ ಪುಸ್ತಕದಲ್ಲಿ ನನ್ನ ಪುಟ

ರಾತ್ರಿ ಎರಡಕ್ಕೆ ಬಂತು. ಯಾವಾಗಲೂ ಎರಡಕ್ಕೇ.
ಗೂಡ್ಸ್ ಗಾಡಿ ಗೇಟು ದಾಟುವ ಹೊತ್ತಿಗೆ
ಬಲಗಾಲ ಹೆಬ್ಬೆರಳ ಬುಡದಲ್ಲಿ
ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ
ಯಾರೋ ಇಟ್ಟು ಮರೆತ ಹಾಗೆ.
ಹೊದಿಕೆ ಭಾರ. ಫ್ಯಾನಿನ ಗಾಳಿ ಭಾರ.

"ಮತ್ತೆ ಬಂತಾ?" ಅಂದಳು ಅಂಬುಬಾಯಿ,
ಕರೆಯದ ನೆಂಟರನ್ನು ವಿಚಾರಿಸುವ ದನಿಯಲ್ಲಿ.
ದೀಪ ಹಾಕಲಿಲ್ಲ. ಇಬ್ಬರಿಗೂ ಗೊತ್ತಿತ್ತು
ಭಾನುವಾರ ಬೀಗರ ಮನೆಯಲ್ಲಿ ನಾನೇನು ತಿಂದೆನೆಂದು,
ಎಷ್ಟು ಸಲ ತಟ್ಟೆ ಮುಂದೆ ಚಾಚಿದೆನೆಂದು.

ಚೌಕಿಪೇಟೆಯಲ್ಲಿ ಮೂವತ್ತೆಂಟು ವರ್ಷ
ಮಿಷನ್ ತುಳಿದದ್ದು ಈ ಕಾಲೇ.
ಶಾಲೆ ಹುಡುಗರ ಖಾಕಿ ಚಡ್ಡಿ, ಮದುಮಗನ ಸಫಾರಿ,
ಮಿಲ್ಲು ನಡೆಯುವಾಗ ಮಿಲ್ಲಿನವರ ಅಂಗಿ,
ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.
ಈಗ ಪೆಡಲಿನ ತಣ್ಣನೆ ಕಬ್ಬಿಣ ಸೋಕಿದರೆ
ಗಿರಾಕಿಯ ಎದುರೇ ಕಣ್ಣಲ್ಲಿ ನೀರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚಿಕ್ಕ ಹುಡುಗಿ,
ಚೀಟಿಯ ಹಿಂದೆ ಗೀಟೆಳೆದು ತೋರಿಸಿದಳು:
"ಯೂರಿಕ್ ಆಸಿಡ್ ಹೆಚ್ಚಾದರೆ ಕೀಲಲ್ಲಿ ಹರಳು ಕೂರುತ್ತೆ,
ಸೂಜಿ ಥರ ಇರುತ್ತೆ, ಮೊನಚು."
ಆ ನೋವಲ್ಲೂ ನಗು ಬಂತು.
ಎಷ್ಟನೇ ನಂಬರಿಂದವ್ವಾ, ಹದಿನಾಲ್ಕೋ ಹದಿನಾರೋ?
ಕೇಳಲಿಲ್ಲ.
ಚಾಪೆಯಡಿ, ಹಲಗೆ ಸಂದಿಯಲ್ಲಿ ಕಳೆದ ಸೂಜಿಗಳು,
ಜಬೀವುಲ್ಲಾ ಅಯಸ್ಕಾಂತ ಹಿಡಿದು ತಡಕಿದರೂ ಸಿಗದವು,
ಎಲ್ಲಿ ಸೇರಿವೆ ಅಂತ ತಿಳಿದ ಹಾಗಾಯಿತು.

ಲಿವರ್ ಬೇಡ. ಬೋಟಿ ಬೇಡ. ಒಣಮೀನು ಬೇಡ.
ಬಿಯರ್ ಬೇಡ ಅಂದಾಗ
ಅಂಬುಬಾಯಿ ಗೋಡೆಯ ಕ್ಯಾಲೆಂಡರ್ ನೋಡಿದಳು.
"ಮಂಡಕ್ಕಿ?"
"ತಿನ್ನಿ."
ಸದ್ಯ, ದಾವಣಗೆರೆಯಲ್ಲೇ ಬದುಕಬಹುದು.

ಗುಳಿಗೆ ಎರಡು ಥರ. ಒಂದು ಉರಿ ಇಳಿಯುವ ತನಕ.
ಇನ್ನೊಂದು ದಿನಾ, ನೋವಿಲ್ಲದ ದಿನವೂ.
"ಹರಿಯದ ಬಟ್ಟೆಗೆ ತೇಪೆ ಹಾಕಿದ ಹಾಗಲ್ವಾ?" ಅಂದೆ.
"ಹೋದ ವರ್ಷವೂ ಹೀಗಂದೇ ಬಿಟ್ಟಿದ್ದಿರಿ" ಅಂತ ಬರೆಯುತ್ತಲೇ ಇದ್ದಳು.
ಅವಳ ಬಿಳಿ ಕೋಟಿನ ಗುಂಡಿಯೊಂದು
ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.
ಹೇಳಬೇಕಿತ್ತು. ಹೇಳಲಿಲ್ಲ.

ಊರೆಲ್ಲ ವೈದ್ಯರು. ಬದನೆ ನಂಜು ಅಂದರು,
ಟೊಮೆಟೊ ಬಿಡು ಅಂದರು, ತಾಮ್ರದ ಉಂಗುರ ಹಾಕು ಅಂದರು.
ಮೋಟರ್ ಹಾಕಿಸು ಮಿಷನ್ನಿಗೆ ಅಂದವನಿಗೆ ಮಾತ್ರ
ಮುಖ ಕೊಡಲಿಲ್ಲ ನಾನು.

ಜೂನ್ ತಿಂಗಳು, ಯೂನಿಫಾರಮ್ಮಿನ ರಾಶಿ.
ಸ್ಟೂಲಿನ ಮೇಲೆ ನನ್ನ ಕಾಲು, ಮಗುವಿನ ಹಾಗೆ ಮಲಗಿತ್ತು.
ಜಬೀವುಲ್ಲಾ ಪಕ್ಕದಲ್ಲಿ ಕೂತು ಕಾಲು ತೂರಿಸಿದ:
ತುಳಿತ ಅವನದು, ಬಟ್ಟೆ ನಡೆಸುವ ಕೈ ನನ್ನದು.
ಮೊದಲ ದಿನ ಹೊಲಿಗೆ ಹಾವಿನಂತೆ ಹೋಯಿತು.
"ನಿಧಾನ ಕಣೋ, ಮೂಲೆ ಬಂತು."
"ತುಕೋಬಣ್ಣಾ, ಮೂಲೆ ನಂಗೆಲ್ಲಿ ಕಾಣ್ತದೆ?"
ಐದನೇ ದಿನ ನಾನು ಉಸಿರು ಹಿಡಿದರೆ ಅವನು ನಿಲ್ಲಿಸುತ್ತಿದ್ದ.

ಅಳತೆ ಪುಸ್ತಕದಲ್ಲಿ, ಯಾರದೋ ಎದೆ ಮೂವತ್ತೆಂಟು,
ಯಾರದೋ ತೋಳು ಇಪ್ಪತ್ತಮೂರರ ನಡುವೆ
ನನಗೂ ಒಂದು ಪುಟ:
ಬೆರಳ ಸುತ್ತು, ಬಲ ನಾಲ್ಕೂಕಾಲು, ಎಡ ಮೂರೂಕಾಲು.
ರಕ್ತ, ಒಂಬತ್ತು ಪಾಯಿಂಟ್ ಎರಡು.
ಆಮೇಲೆ ಏಳೂವರೆ. ಆಮೇಲೆ ಆರು ಪಾಯಿಂಟ್ ನಾಲ್ಕು.
ಆರರ ಒಳಗೆ ಬರಬೇಕಂತೆ.
ನೀರಿನ ಬಾಟಲಿಗೆ ಸೀಮೆಸುಣ್ಣದ ಗೀಟು ಎಳೆದಿದ್ದೇನೆ,
ಮಧ್ಯಾಹ್ನಕ್ಕೆ ಇಲ್ಲಿಗೆ, ದೀಪ ಹಚ್ಚುವುದರೊಳಗೆ ಇಲ್ಲಿಗೆ.
ದೀಪಾವಳಿ ಮುಗಿದ ವಾರ ಮತ್ತೆ ಬಂತು, ಮೂರು ದಿನ,
ಏನೂ ತಿಂದಿರಲಿಲ್ಲ ಆ ಸಲ, ಯಾರೂ ನಂಬಲಿಲ್ಲ.
ಡಾಕ್ಟರಮ್ಮ ನಂಬಿದಳು. "ಕರಗುವಾಗ ಹೀಗಾಗುತ್ತೆ,
ಗುಳಿಗೆ ಬಿಡಬೇಡಿ."
ಗುಂಡಿ ಹೊಸದಿತ್ತು ಕೋಟಿಗೆ. ದಾರದ ಬಣ್ಣ ಬೇರೆ.

ಈಗಲೂ ಎರಡಕ್ಕೆ ಎಚ್ಚರವಾಗುತ್ತದೆ.
ಹೊದಿಕೆಯೊಳಗೆ ಹೆಬ್ಬೆರಳು ಮಡಿಚಿ ಬಿಚ್ಚುತ್ತೇನೆ,
ಹೊಸ ಜಿಪ್ಪು ಒಮ್ಮೆ ಎಳೆದು ನೋಡಿದ ಹಾಗೆ.
"ಬಂತಾ?" ನಿದ್ದೆಯಲ್ಲೇ ಕೇಳುತ್ತಾಳೆ.
"ಗಾಡಿ" ಅನ್ನುತ್ತೇನೆ.