ಬೆಲ್ಲದ ಮಚ್ಚೆ

ಮಂಡಿ ಮೊಹಲ್ಲಾದ ಆ ಅಂಗಡಿಗೆ ಬೋರ್ಡಿಲ್ಲ,
ಎಣ್ಣೆಯ ವಾಸನೆಯೇ ವಿಳಾಸ.
ಅಮಾನುಲ್ಲಾ ಸಾಹೇಬರು ಗೋಣಿ ಬಿಚ್ಚಿ
ಅಪ್ಪನ ಎರಡೂ ರೈಫಲ್ಲುಗಳನ್ನು
ಹಳೇ ಪೇಪರಿನ ಮೇಲೆ
ಪಕ್ಕಪಕ್ಕ ಮಲಗಿಸಿದರು.

ನನ್ನ ಹೆಸರಿಗೆ ಲೈಸೆನ್ಸು ಆಗುವುದು ಒಂದಕ್ಕೆ.
ಇನ್ನೊಂದು ಠಾಣೆಯ ಮಾಲ್ಖಾನೆಗೆ,
ತುಕ್ಕಿಗೆ, ಹೆಗ್ಗಣಕ್ಕೆ.

"ಇದು ಬೋಲ್ಟು. ಒಂದು ಹೊಡೆದರೆ
ಹಿಡಿ ಎತ್ತಬೇಕು, ಹಿಂದಕ್ಕೆ ಎಳೆಯಬೇಕು,
ಮುಂದಕ್ಕೆ ನೂಕಬೇಕು, ಮಡಚಬೇಕು.
ನಾಲ್ಕು ಕೆಲಸ. ಅಷ್ಟರಲ್ಲಿ ಹಂದಿ
ಕಬ್ಬಿನ ಸಾಲು ದಾಟಿರುತ್ತೆ,
ಇಲ್ಲಾ, ನಿಮ್ಮ ಕಡೆಗೇ ತಿರುಗಿರುತ್ತೆ.
ಆದರೆ ಕೆಸರಿಗೂ ಮಂಜಿಗೂ ಮುನಿಸಿಕೊಳ್ಳುವ ಜಾತಿಯಲ್ಲ.

ಇದು ಸೆಮಿ ಆಟೋಮ್ಯಾಟಿಕ್. ಬೆರಳಷ್ಟೇ ನಿಮ್ಮದು.
ತಾನೇ ಉಗುಳುತ್ತೆ, ತಾನೇ ತುಂಬಿಕೊಳ್ಳುತ್ತೆ.
ಬಾಣಂತಿ ಮನೆಯಷ್ಟು ಶುಚಿ ಕೇಳುತ್ತೆ, ಅಷ್ಟೇ."

ಬನ್ನೂರು ಬಸ್ಸಿನಲ್ಲೇ ತೀರ್ಮಾನಿಸಿ ಬಂದಿದ್ದೆ.
ಎರಡು ಗುಂಡಿನ ನಡುವೆ
ಮನುಷ್ಯನಿಗೆ ಒಂದು ಉಸಿರು ಸಿಗಲಿ,
ಯೋಚಿಸಲಿ, ಬೇಕಾದರೆ ಬಿಡಲಿ
ಎಂಬ ದೊಡ್ಡ ಮಾತು. ಹೇಳಿಯೂಬಿಟ್ಟೆ.
ಸಾಹೇಬರು ಕನ್ನಡಕ ಒರೆಸಿಕೊಂಡರು.
"ಹೊಟ್ಟೆಗೆ ಗುಂಡು ಬಿದ್ದ ಹಂದಿ
ಬೆಳಗಿನ ತನಕ ಅರಚುತ್ತಲ್ಲ ತಾಯಿ,
ನಿಮ್ಮ ಆ ಉಸಿರಿನ ಲೆಕ್ಕ
ಅದಕ್ಕೆ ಯಾರು ಒಪ್ಪಿಸೋದು?"

ನನ್ನ ಮಾತು ಅಂಗೈಯ ಟಿಕೀಟಿನ ಹಾಗೆ
ಮುದುರಿಕೊಂಡಿತು.

ಆಮೇಲೆ ಅವರು
ಕೆನ್ನೆ ತಾಗುವ ಮರವನ್ನು ಬೆಳಕಿಗೆ ಹಿಡಿದರು.
ಎಡಗಡೆ ವಾರ್ನಿಷು ಇನ್ನೂ ಮದುವಣಗಿತ್ತಿ.
ಬಲಗಡೆ ಸವೆದು, ಜೇನಿನ ಬಣ್ಣ.
"ಹೊಂಬಾಳೇಗೌಡರು ಎಡಚರಾ?"

ಇಲ್ಲ, ಎಂದೆ.
ಬಲಗೈಯಲ್ಲಿ ಉಂಡವರು,
ಬಲಗೈಯಲ್ಲಿ ಸೊಸೈಟಿ ಲೆಕ್ಕ ಬರೆದವರು,
ನಾನು ಎಡಗೈಯಲ್ಲಿ ಬಳಪ ಹಿಡಿದು
ಮೇಷ್ಟರ ಏಟು ತಿಂದು ಬಂದ ದಿನ
ಏನೂ ಅನ್ನದೆ ಎದ್ದು
ಗದ್ದೆಗೆ ಹೊರಟುಹೋದವರು.

"ಬಂದೂಕಿಗೆ ಸುಳ್ಳು ಬರಲ್ಲಮ್ಮ.
ಎಡಚನ ಕೈಗೆ ಬಂದರೆ ಈ ಸೆಮಿ
ಬಿಸಿ ಬಿಸಿ ಖಾಲಿ ತೋಟಾವನ್ನು
ಬಲಗೈ ಮೇಲೇ ಉಗುಳುತ್ತೆ.
ಮೊಣಕೈ ಕೆಳಗೆ ಸುಟ್ಟ ಗುರುತಿತ್ತಾ?"

ಇತ್ತು. ಮೂರು. ಹುಣಸೆಬೀಜದಷ್ಟು.
ಆಲೆಮನೆಯ ಕೊಪ್ಪರಿಗೆಯಿಂದ ಸಿಡಿದ ಪಾಕ ಎಂದು
ಅವ್ವ ಹೇಳಿದ್ದಳು.
ಬೆಲ್ಲದ ಮಚ್ಚೆ ಅನ್ನುತ್ತಿದ್ದೆವು ನಾವು ಮಕ್ಕಳು.
ಅಪ್ಪ ಮಲಗಿದ್ದಾಗ ಒಮ್ಮೆ
ನಾನು ನೆಕ್ಕಿಯೂ ನೋಡಿದ್ದೆ.
ಬೆವರು. ಉಪ್ಪು.

"ಮೂರು ಸಲ ಸುಡಿಸಿಕೊಂಡು
ಬೋಲ್ಟಿಗೇ ವಾಪಸು ಬಂದಿದ್ದಾರೆ.
ಗುಂಡಿ ಸವೆದ ರೀತಿ ನೋಡಿ,
ಮೇಲಿಂದ ದಾಟಿ ಬಂದ ಕೈ ಇದು.
ಆ ಕಡೆಯ ಹಿಡಿಗೆ ಈ ಕಡೆಯ ಕೈ,
ಪ್ರತಿ ಸಲ, ಕತ್ತಲಲ್ಲಿ."

ಹಾಗಾದರೆ ನಾಲ್ಕಲ್ಲ,
ಐದು ಕೆಲಸ.

ಸೆಮಿಯನ್ನು ಗೋಣಿಯಲ್ಲಿ ಸುತ್ತುವಾಗ
ಸಾಹೇಬರು ಅದಕ್ಕೊಮ್ಮೆ ಎಣ್ಣೆ ಹಚ್ಚಿದರು,
ಕಾಸು ತೆಗೆದುಕೊಳ್ಳಲಿಲ್ಲ.
ಅರ್ಜಿಯಲ್ಲಿ, ಕಾರಣ ಎಂಬಲ್ಲಿ,
ಬೆಳೆ ರಕ್ಷಣೆ ಎಂದು ಬರೆದೆ.
ಗುಮಾಸ್ತ ನನ್ನ ಕೈ ನೋಡಿ
"ಸಹಿಯಾದ್ರೂ ಬಲಗೈಲಿ ಹಾಕಿ" ಅಂದ.
ಹಾಕಲಿಲ್ಲ.

ಮರುತಿಂಗಳು ಕಾಗದ ಕೈಗೆ ಬಂದ ಸಂಜೆ
ಹಲಗೂರಿನ ನಮ್ಮ ಹಿತ್ತಿಲಲ್ಲಿ
ತೋಟಾ ಇಲ್ಲದ ರೈಫಲ್ಲನ್ನು
ಎಡಹೆಗಲಿಗೆ ಆನಿಸಿಕೊಂಡೆ.
ಕಬ್ಬಿನೊಳಗೆ ಏನೋ ಸರಸರ ಅಂದು ಸುಮ್ಮನಾಯಿತು.
ಕೈ ದಾಟಿಸಿ ಎತ್ತಿದೆ, ಎಳೆದೆ, ನೂಕಿದೆ,
ಹೆಬ್ಬೆರಳ ಚರ್ಮ ಕಚ್ಚಿ ಹಿಡಿಯಿತು ಕಬ್ಬಿಣ.
ಬಾಯಿಂದ ಸದ್ದೇನೂ ಬರಲಿಲ್ಲ ನನಗೆ.

ಆದರೂ ಒಲೆ ಮುಂದಿನಿಂದ, ತಿರುಗದೆಯೇ, ಅವ್ವ:
"ಮೊದಮೊದ್ಲು ನಿಮ್ಮಪ್ಪಂಗೂ ಹಂಗೇ ಕಚ್ಚೋದು.
ಅರಿಸಿನ ಆ ಡಬ್ಬೀಲೈತೆ."