ಮೂವತ್ತೊಂದು ಮೀಟರ್ ನಲವತ್ತು

ವರ್ಲಿಯಲ್ಲಿ ನೆಲ ಕೊರೆದು ತೆಗೆದ ಕಲ್ಲನ್ನು
ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುವುದು ನನ್ನ ಕೆಲಸ.
ತೋಳುದ್ದದ ಉರುಳೆಗಲ್ಲು, ಸೌತೆಕಾಯಿಯಂತೆ ನುಣುಪು.
ತಲೆ ಯಾವುದು, ಕಾಲು ಯಾವುದು, ತಪ್ಪಬಾರದು.
ಮಾರ್ಕರಿನಲ್ಲಿ ಆಳ ಬರೆಯುತ್ತೇನೆ.
ಒಂದು ಸಲ ತಿರುಗಿಸಿಟ್ಟೆಯೋ
ಮಗನ ನಂತರ ಅಪ್ಪ ಹುಟ್ಟಿದ ಹಾಗೆ
ಎಂದು ಪೆಡ್ನೇಕರ್ ಮೇಡಂ ಮೊದಲ ದಿನವೇ ಹೇಳಿದ್ದರು.

ಕರಿಕಲ್ಲು, ಕರಿಕಲ್ಲು, ಮತ್ತೆ ಕರಿಕಲ್ಲು.
ನನಗೆ ಹೊಸತಲ್ಲ. ಪುಣೆ ಹತ್ತಿರ ವಾಘೋಲಿಯ ಖಣಿಯಲ್ಲಿ
ಅಪ್ಪ ಇದನ್ನೇ ಒಡೆದ, ಇದನ್ನೇ ಉಸಿರಾಡಿದ,
ಕೆಮ್ಮಿದರೆ ಬಂದದ್ದೂ ಇದೇ ಬಣ್ಣ.

ಮೂವತ್ತೊಂದು ಮೀಟರ್ ದಾಟಿದ ಮೇಲೆ
ಬೂದಿ ಬಣ್ಣದ ಒಂದು ತೆಳು ಪದರ ಬಂತು,
ಬಿಸ್ಕೀಟಿನಂತೆ ಬಿರಿಯುವ ಕೆಸರುಕಲ್ಲು.
ಎರಡು ಬೆಂಕಿಹೊಳೆಗಳ ನಡುವಿನ ಬಿಡುವಿನಲ್ಲಿ
ಅಲ್ಲೊಂದು ಕೆರೆ ಇತ್ತಂತೆ.
ಉಗುರು ತಾಗಿಸಿದೆ, ಹಾಳೆಯಂತೆ ತೆರೆಯಿತು.
ಒಳಗೆ ಒಂದು ನೊಣ.

ನೊಣ ಎಂದರೆ ನೊಣವೇ.
ಎರಡು ಸಾಸಿವೆಯಷ್ಟು. ಒಂದು ರೆಕ್ಕೆ ಪೂರ್ತಿ,
ನರಗಳನ್ನು ಎಣಿಸಬಹುದು;
ಇನ್ನೊಂದು ಮಡಚಿ ಹೊಟ್ಟೆಯಡಿ ಸಿಕ್ಕಿದೆ.
ಮುಂಗಾಲು ಎರಡೂ ಜೋಡಿಸಿಕೊಂಡಂತೆ.
ನನ್ನ ಡಬ್ಬಿಯ ರೊಟ್ಟಿಯ ಮೇಲೆ ಕೂತದ್ದೂ
ಅದೇ ಹೊತ್ತಿಗೆ ಕೈ ಉಜ್ಜುತ್ತಿತ್ತು.
ಹೊಡೆಯಲು ಎತ್ತಿದ ಕೈ ಯಾಕೋ ಇಳಿಸಿದೆ.

ಮೇಡಂ ಭೂತಗನ್ನಡಿ ಹಿಡಿದು ತುಂಬ ಹೊತ್ತು ಮಾತಾಡಲಿಲ್ಲ.
ಆಮೇಲೆ ಅವರದು ಒಂದೇ ಪ್ರಶ್ನೆ:
ಇದು ಡೈನೋಸಾರಿನ ಸಗಣಿಯ ಮೇಲೆ ಕೂತ ನೊಣವೋ,
ಅದರ ಹೆಣದ ಮೇಲೆ ಕೂತದ್ದೋ,
ಇಲ್ಲ, ಹೆಣವೂ ಮಣ್ಣಾದ ಮೇಲೆ ಬಂದದ್ದೋ?

ನೊಣಕ್ಕೆ ಅದು ಗೊತ್ತಿಲ್ಲ. ಕೆಸರಿಗೂ ಗೊತ್ತಿಲ್ಲ;
ಕೆಸರು ಎಲ್ಲೆಲ್ಲಿಂದಲೋ ತೊಳೆದು ಬಂದದ್ದು,
ಅದರ ಮಾತು ನಂಬುವ ಹಾಗಿಲ್ಲವಂತೆ.
ಬೆಂಕಿಯನ್ನು ಕೇಳಬೇಕು:
ಕೆಳಗಿನ ಕರಿಕಲ್ಲು ಒಂದು ಚೂರು, ಮೇಲಿನದು ಒಂದು ಚೂರು.
ತಣ್ಣಗಾದ ದಿನದಿಂದ ಹರಳಿನೊಳಗೆ
ಒಂದು ಗಾಳಿ ಇಷ್ಟಿಷ್ಟೇ ಕೂಡುತ್ತದೆ, ಹೊರಗೆ ಹೋಗಲಾರದೆ.
ಕಾಯಿಸಿ, ಬಿಡಿಸಿ, ಅಳೆದರೆ ವಯಸ್ಸು.
ಇದಕ್ಕಿಂತ ಹಳೆಯದಲ್ಲ, ಅದಕ್ಕಿಂತ ಹೊಸದಲ್ಲ;
ನೊಣ ಎಲ್ಲೋ ನಡುವೆ.

ನನಗೆ ನಗು ಬಂತು.
ನಮ್ಮವ್ವನಿಗೆ ಯಾರು ಕಲಿಸಿದರು ಈ ವಿದ್ಯೆ?
“ಭೀಮಾ ಹೊಳಿ ಗುಡಿ ಹೊಕ್ಕ ವರ್ಷದ ಮ್ಯಾಲ,
ಖಣ್ಯಾಗ ನಿಮ್ಮ ಕಾಕಾ ಸತ್ತದ್ದಕ್ಕ ಮುಂಚೆ,
ಅಷ್ಟರಾಗ ಯಾವಾಗೋ ನೀ ಹುಟ್ಟೀದಿ.”
ಆಧಾರ್ ಕಾರ್ಡಿನಲ್ಲಿ ಜನವರಿ ಒಂದು.
ನಮ್ಮ ಚಾಳಿನಲ್ಲಿ ಹದಿನಾಲ್ಕು ಜನ ಜನವರಿ ಒಂದು.
ಆ ದಿನ ಯಾರೂ ಹುಟ್ಟುಹಬ್ಬ ಮಾಡುವುದಿಲ್ಲ.

ವರದಿ ಬರಲು ಏಳು ತಿಂಗಳು.
ಅಷ್ಟರಲ್ಲಿ ಮಳೆ ಬಂತು, ಸೈಟಿಗೆ ನೀರು ನುಗ್ಗಿತು,
ಕೊರೆಯುವ ಬಿಸೇನ್ ಸೂರತ್ತಿಗೆ ಹೋದ.
ಮೇಡಂ ಫೋನಿನಲ್ಲೇ ಓದಿ ಹೇಳಿದರು:
ಕೆಳಗಿನ ಕಲ್ಲು ಅವು ಇದ್ದ ಕಾಲದ್ದು,
ಮೇಲಿನದು ಅವು ಇಲ್ಲದ ಕಾಲದ್ದು.
ಆರು ಕೋಟಿ ಅರವತ್ತು ಲಕ್ಷದ ಆಚೀಚೆ,
ಹೆಚ್ಚುಕಡಿಮೆ ಮೂರು ಲಕ್ಷ.

ಹೆಚ್ಚುಕಡಿಮೆ ಮೂರು ಲಕ್ಷ!
ಆ ಹೆಚ್ಚುಕಡಿಮೆಯ ಚಾಪೆಯ ಮೇಲೆ
ಮೊದಲ ಮನುಷ್ಯನಿಂದ ನನ್ನಪ್ಪನ ತನಕ
ಎಲ್ಲರೂ ಕೂತು, ಉಂಡು, ಎದ್ದು ಹೋಗಬಹುದು.

“ಹಾಗಾದರೆ ಸಗಣಿಯೋ, ಹೆಣವೋ?” ಎಂದೆ.
“ಗೊತ್ತಾಗಲಿಲ್ಲ, ದುರ್ಗವ್ವ.”
ಸೋತ ದನಿಯಾಗಿರಲಿಲ್ಲ ಅದು.

ನೊಣ ಈಗ ಅವರ ಕಾಲೇಜಿನ ಗಾಜಿನ ಡಬ್ಬಿಯಲ್ಲಿದೆ,
ಹತ್ತಿಯ ಮೇಲೆ. ಚೀಟಿಯಲ್ಲಿ ನನ್ನ ಅಕ್ಷರ:
ವರ್ಲಿ, ೩೧.೪೦.
ಪೆಟ್ಟಿಗೆಯಲ್ಲಿ ಅದಿದ್ದ ಜಾಗಕ್ಕೆ
ಅಷ್ಟೇ ಉದ್ದದ ಮರದ ತುಂಡು ಕೊಯ್ದು ಇಟ್ಟಿದ್ದೇನೆ.
ಇಲ್ಲದಿದ್ದರೆ ಮೇಲಿನ ಕಲ್ಲು ಜಾರಿ
ಕೆಳಗಿನ ಕಲ್ಲಿಗೆ ತಾಗುತ್ತದೆ,
ನಡುವೆ ಏನೂ ನಡೆದೇ ಇಲ್ಲ ಎಂಬಂತೆ.