ಹೊಟ್ಟೆನೋವು, ಮೂರನೇ ಪೀರಿಯಡ್

ಕುಶಿರೊದಲ್ಲಿ ಜೂನ್ ಎಂದರೆ ಬೇಸಿಗೆಯಲ್ಲ, ಮಂಜು.
ಬಂದರಿನ ದೋಣಿಗಳು ಕಾಣುವುದಿಲ್ಲ, ಕೆಮ್ಮುತ್ತವೆ ಅಷ್ಟೆ.
ಹಾಗಾಗಿ ಈ ಊರಲ್ಲಿ ಉದ್ದ ತೋಳಿನ ಅಂಗಿ
ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಶಾಲೆಯ ಆರೋಗ್ಯ ಕೋಣೆ ನನ್ನದು. ಎರಡು ಮಂಚ, ಒಂದು ತೂಕದ ಯಂತ್ರ,
ಸದಾ ಕಾಯುವ ಕೆಟಲ್, ಮೇಲಿನ ಕಚೇರಿ ಕಳಿಸಿದ ನಮೂನೆ.
ನಮೂನೆಯಲ್ಲಿ ಹನ್ನೊಂದು ಚೌಕ.
ನಿದ್ದೆ ಬರುತ್ತದೆಯೇ. ಮನೆಯಲ್ಲಿ ಎಷ್ಟು ಜನ.
ಹಿಂದೆಂದಾದರೂ...
ಆ ಸಾಲು ಅಲ್ಲಿಗೇ ನಿಂತಿದೆ. ಅಚ್ಚು ಹಾಕಿದವರಿಗೂ
ಪೂರ್ತಿ ಮಾಡಲು ಕೈ ಬಂದಿಲ್ಲ.

ಶಿಯೊರಿ ಮಂಗಳವಾರ ಬರುತ್ತಾಳೆ.
ಹೊಟ್ಟೆನೋವು ಅನ್ನುತ್ತಾಳೆ.
ನಾನೂ ಹೊಟ್ಟೆನೋವು ಎಂದೇ ಬರೆದುಕೊಳ್ಳುತ್ತೇನೆ.
ಸುಳ್ಳೇನಲ್ಲ. ಹೊಟ್ಟೆಗೆ ಹಾಕಿಕೊಂಡದ್ದೆಲ್ಲ
ಮತ್ತೆಲ್ಲಿ ನೋಯಬೇಕು?

ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ತೊಮಾಕೊಮಾಯ್‌ಗೆ ಹೋದ;
ದುಡ್ಡು ಬರುತ್ತದೆ, ದನಿ ಬರುವುದಿಲ್ಲ.
ಅಮ್ಮ ರಾತ್ರಿ ಪಾಳಿಯಲ್ಲಿ ಮೀನು ಡಬ್ಬಿಗೆ ತುಂಬುತ್ತಾಳೆ.
ಒಬ್ಬಳು ಮಲಗುವ ಹೊತ್ತಿಗೆ ಇನ್ನೊಬ್ಬಳು ಎದ್ದಿರುತ್ತಾಳೆ:
ಒಂದೇ ಹಾಸಿಗೆ, ಆರಲು ಬಿಡುವಿಲ್ಲ ಅದಕ್ಕೆ.
ತರಗತಿಯ ಫೋನ್ ಗುಂಪಿನಲ್ಲಿ ಏಪ್ರಿಲ್‌ವರೆಗೆ ಅವಳ ಹೆಸರಿತ್ತು.
ಯಾರೂ ಬೈಯಲಿಲ್ಲ. ತೆಗೆದರು, ಅಷ್ಟೆ.

ಗುರುತು ಹಾಕುತ್ತಾ ಹೋದರೆ ಏಳು.
ಏಳು ಎಂದರೆ ಎಷ್ಟು?
ಬೆಳಿಗ್ಗೆ ತಲೆ ಸವರಿ ಅವಳಿಗೆ ಯಾರೂ ಹೇಳದ ಆ ಮಾತೇ?

ಗೆಂಟಾ ಎಂಬ ಹುಡುಗನಿಗೆ ಹತ್ತು ಗುರುತಿದ್ದವು.
ಅಜ್ಜಿ ಕೊಟ್ಟ ಉಪ್ಪುಮೀನು ತಿಂದು, ಬೇಸ್‌ಬಾಲ್ ಅಂಗಳದಲ್ಲಿ
ಕೂಗಿ ಕೂಗಿ ಬೆಳೆದೇಬಿಟ್ಟ.
ವಾಲಿಬಾಲ್ ನಾಯಕಿ ರಿಂಡೊಳಿಗೆ ಒಂದೂ ಇರಲಿಲ್ಲ.
ಖಾಲಿ ನಮೂನೆ. ನಾನೇ ಸಹಿ ಹಾಕಿದ್ದೆ.
ಆ ರಾತ್ರಿ ಆಂಬುಲೆನ್ಸ್ ಮಂಜಿನಲ್ಲಿ ತಡವರಿಸುತ್ತಾ ಹೋಯಿತು.
ಇದ್ದಾಳೆ. ಹೊಸ ವರ್ಷಕ್ಕೆ ಕಾರ್ಡು ಕಳಿಸಿದ್ದಳು,
ಮೊಲವೊಂದನ್ನು ಸೊಟ್ಟಗೆ ಬರೆದು.
ನಮೂನೆ ಮಾತ್ರ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.

ಕೇಳಲು ಹೋಗಬೇಡಿ, ಎಂದರು ಉಪ ಮುಖ್ಯೋಪಾಧ್ಯಾಯರು.
ಕೇಳಿದರೆ ಇಲ್ಲದ್ದು ಹುಟ್ಟುತ್ತದಂತೆ.
ಇಪ್ಪತ್ತಾರು ವರ್ಷ ಈ ಕೋಣೆಯಲ್ಲಿದ್ದೇನೆ,
ಕೇಳಿದ್ದರಿಂದ ಹುಟ್ಟಿದ್ದನ್ನು ಕಂಡಿಲ್ಲ,
ಕೇಳದೆ ಬೆಳೆದದ್ದನ್ನು ಕಂಡಿದ್ದೇನೆ.

ಇವತ್ತು ನಮೂನೆಯನ್ನು ಮಗುಚಿಟ್ಟೆ.
ಬಾರ್ಲಿ ಟೀ ಬಗ್ಗಿಸಿದೆ.
ಶಿಯೊರಿ, ನಿನಗೆ ನೀನೇ ನೋವು ಮಾಡಿಕೊಳ್ಳುತ್ತೀಯಾ, ಎಂದೆ.
ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಬೇಕೆಂದಿದ್ದೆ,
ಗಂಟಲು ಒಪ್ಪಲಿಲ್ಲ.

ಬಂದರಿನ ಸೈರನ್ ಎರಡು ಸಲ ಕೂಗಿತು.
ಲೋಟದ ಅಂಚಿಗೆ ಅವಳ ಬೆರಳು ಸುತ್ತಿತು, ಸುತ್ತಿತು.
ಆಮೇಲೆ ತಲೆ ಒಂದಿಷ್ಟು, ಬರೀ ಒಂದಿಷ್ಟು, ಬಾಗಿತು.

ಅಮ್ಮ ಈಗ ಮಲಗಿರುತ್ತಾಳೆ, ಎಂದಳು. ಎಬ್ಬಿಸಬೇಡಿ.
ಮೂರಕ್ಕೆ ಏಳುತ್ತಾಳಲ್ಲ, ಎಂದೆ. ಇಬ್ಬರೂ ಕಾಯೋಣ.

ನಾಲ್ಕನೇ ಪೀರಿಯಡ್‌ನ ಗಂಟೆ ಹೊಡೆಯಿತು.
ಅವಳು ಏಳಲಿಲ್ಲ.
ನಾನು ಕೆಟಲ್‌ಗೆ ಮತ್ತೆ ನೀರು ತುಂಬಿಸಿದೆ.